ಆಡುವವನೇ ಅಂಗಳ ಕಟ್ಟಿದ ಕಾಲ

ಗಾಲ್ಫ್ ಅಂಗಳವನ್ನು ರೂಪಿಸಲು ಆ ಆಟದ ವೃತ್ತಿಪರ ಆಟಗಾರನನ್ನೇ ಕರೆಸುವ ರೂಢಿ ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಸ್ಕಾಟ್ಲೆಂಡಿನ ಕಡಲತೀರದಲ್ಲಿ ಹುಟ್ಟಿತು. ಅಲ್ಲಿಯವರೆಗೆ ಅಂಗಳಕ್ಕೆ ವಿನ್ಯಾಸಕಾರನೊಬ್ಬ ಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ. ಕಡಲಿಗೂ ಹೊಲಗಳಿಗೂ ನಡುವೆ ಉಳಿದ ಮರಳುದಿಬ್ಬಗಳ ಬಯಲು ಉಳುಮೆಗೆ ಒಗ್ಗುತ್ತಿರಲಿಲ್ಲ. ಅಲ್ಲಿ ಕುರಿಗಳು ಮೇಯುತ್ತಿದ್ದವು, ಮೊಲಗಳು ಬಿಲ ತೋಡುತ್ತಿದ್ದವು, ಊರಿನವರು ಬಟ್ಟೆ ಒಣಹಾಕುತ್ತಿದ್ದರು. ಗಾಳಿಗೆ ಮರಳು ಕಿತ್ತುಹೋಗಿ ಆದ ಹಳ್ಳಗಳೇ ಬಂಕರುಗಳಾದವು. ಸೇಂಟ್ ಆಂಡ್ರ್ಯೂಸ್‌ನ ಹಳೆಯ ಅಂಗಳದಲ್ಲಿ ಒಂದು ಸುತ್ತಿಗೆ 22 ಕುಳಿ ಆಡುತ್ತಿದ್ದವರು 1764ರಲ್ಲಿ ಅದನ್ನು 18ಕ್ಕೆ ಇಳಿಸಿಕೊಂಡರು. ಆ ತೀರ್ಮಾನ ಆಟಗಾರರು ಕೂಡಿ ಕೈಗೊಂಡದ್ದೇ ಹೊರತು ಒಬ್ಬನ ನಕ್ಷೆಯಿಂದ ಬಂದದ್ದಲ್ಲ. ಮುಂದೆ ಜಗತ್ತೆಲ್ಲ 18 ಕುಳಿಗಳ ಲೆಕ್ಕಕ್ಕೆ ಬಂದದ್ದು ಇದರ ಅನುಕರಣೆಯಿಂದಲೇ.

ಮೊದಲ ವೃತ್ತಿಪರ ಆಟಗಾರ ಎಂದು ಚರಿತ್ರೆಕಾರರು ಹೆಸರಿಸುವ ಅಲನ್ ರಾಬರ್ಟ್‌ಸನ್ ಸೇಂಟ್ ಆಂಡ್ರ್ಯೂಸ್‌ನವನು. ಅವನ ಅನ್ನದ ದಾರಿ ಚೆಂಡು ತಯಾರಿಕೆ. ಹೊಲಿದ ಚರ್ಮದ ಚೀಲಕ್ಕೆ ನೆನೆಸಿದ ಗರಿಗಳನ್ನು ಗಿಡಿದು ತುಂಬಿ ಚೆಂಡು ಮಾಡುವ ಕಷ್ಟದ ಕೆಲಸ ಅದು. ಉಳಿದಂತೆ ಸಿರಿವಂತರ ಜೊತೆ ಪಣ ಕಟ್ಟಿ ಆಡುವುದು, ಅವರ ಕೋಲುಗಳನ್ನು ಹೊರುವುದು, ಹೊಸಬರಿಗೆ ಹೊಡೆತ ಕಲಿಸುವುದು, ಕುಳಿಗಳ ಸುತ್ತಿನ ಹುಲ್ಲು ನೋಡಿಕೊಳ್ಳುವುದು ಎಲ್ಲವೂ ಅವನ ಪಾಲಿಗಿತ್ತು. 1858ರಲ್ಲಿ ಹಳೆಯ ಅಂಗಳದ ಸುತ್ತನ್ನು 79 ಹೊಡೆತಗಳಲ್ಲಿ ಮುಗಿಸಿ, 80ರ ಗಡಿಯನ್ನು ಮೊದಲು ಮುರಿದವನು ಎನಿಸಿಕೊಂಡ. 1840ರ ದಶಕದ ಆರಂಭದಲ್ಲಿ ಕಾರ್ನೂಸ್ಟಿಯಲ್ಲಿ ಹತ್ತು ಕುಳಿಗಳ ಅಂಗಳ ಗುರುತು ಮಾಡಿಕೊಟ್ಟ ಶ್ರೇಯವೂ ಅವನದೇ. ಅಂಗಳ ರೂಪಿಸುವುದು ಪ್ರತ್ಯೇಕ ಕಸುಬು ಎಂಬ ಕಲ್ಪನೆ ಅವನಿಗಾಗಲಿ ಅವನನ್ನು ಕರೆಸಿದವರಿಗಾಗಲಿ ಇದ್ದಂತಿಲ್ಲ. ಹತ್ತು ಕೆಲಸಗಳಲ್ಲಿ ಅದು ಹನ್ನೊಂದನೆಯದು.

ಅದನ್ನು ಕಸುಬಾಗಿ ಬೆಳೆಸಿದವನು ರಾಬರ್ಟ್‌ಸನ್ ಬಳಿ ಚೆಂಡಿನ ಕೆಲಸ ಕಲಿತ ಟಾಮ್ ಮಾರಿಸ್. ಗರಿಯ ಚೆಂಡಿಗೆ ಎದುರಾಳಿಯಾಗಿ ಗಟ್ಟಾಪರ್ಚಾ ಎಂಬ ಮರದ ಅಂಟಿನ ಅಗ್ಗದ ಚೆಂಡು ಬಂದಾಗ ಗುರುಶಿಷ್ಯರು ಬೇರೆಯಾದರು. 1851ರಲ್ಲಿ ಕರ್ನಲ್ ಜೇಮ್ಸ್ ಫೇರ್ಲಿಯ ಒತ್ತಾಸೆಯಿಂದ ಮಾರಿಸ್ ಪಶ್ಚಿಮ ತೀರದ ಪ್ರೆಸ್ಟ್‌ವಿಕ್‌ಗೆ ಹೋಗಿ, ಅಲ್ಲಿನ ಹೊಸ ಕ್ಲಬ್ಬಿನ ಅಂಗಳಪಾಲಕನಾದ. ಜಾಗ ಚಿಕ್ಕದು, ದಿಬ್ಬಗಳು ದೊಡ್ಡವು. ಅವನು ಆ ನೆಲದಲ್ಲಿ 12 ಕುಳಿಗಳನ್ನು ಒಂದನ್ನೊಂದು ಹಾಯುವಂತೆ ಕೂರಿಸಿದ. ಮೊದಲ ಕುಳಿಯೇ 578 ಗಜ ಉದ್ದ. ಆ ಕಾಲದ ಕೋಲಿಗೂ ಚೆಂಡಿಗೂ ಅದು ಎದೆ ನಡುಗಿಸುವ ದೂರ. ಅಲ್ಲಿನ ಒಂದು ದೊಡ್ಡ ಮರಳುದಿಬ್ಬಕ್ಕೆ ಹಿಮಾಲಯ ಎಂಬ ಹೆಸರು ಬಿದ್ದು ಇಂದಿಗೂ ಉಳಿದಿದೆ. 1860ರಲ್ಲಿ ಓಪನ್ ಚಾಂಪಿಯನ್‌ಷಿಪ್ ಶುರುವಾದದ್ದು ಈ ಅಂಗಳದಲ್ಲೇ. 1872ರವರೆಗಿನ ಮೊದಲ 12 ಪಂದ್ಯಾವಳಿಗಳೂ ಅಲ್ಲೇ ನಡೆದವು. ಮಾರಿಸ್ ಅವುಗಳಲ್ಲಿ ನಾಲ್ಕನ್ನು ಗೆದ್ದ. ಅಂಗಳ ಕಟ್ಟಿದವನೇ ಅದರಲ್ಲಿ ಗೆದ್ದರೆ ಇಂದಾದರೆ ಆಕ್ಷೇಪ ಏಳುತ್ತಿತ್ತು, ಆಗ ಯಾರೂ ಚಕಾರವೆತ್ತಲಿಲ್ಲ.

1860ರ ದಶಕದ ಮಧ್ಯದಲ್ಲಿ ಮಾರಿಸ್ ಹುಟ್ಟೂರಿಗೆ ಮರಳಿದ. ವರ್ಷಕ್ಕೆ 50 ಪೌಂಡ್ ಸಂಬಳಕ್ಕೆ ಸೇಂಟ್ ಆಂಡ್ರ್ಯೂಸ್‌ನ ಅಂಗಳ ಅವನ ಸುಪರ್ದಿಗೆ ಬಂತು. ರೈಲು ಹಳಿಗಳು ದೂರದೂರದ ಊರುಗಳನ್ನು ಮುಟ್ಟುತ್ತಿದ್ದ ಕಾಲ ಅದು. ಕಡಲತೀರದ ಪಟ್ಟಣಗಳೆಲ್ಲ ಬೇಸಗೆಯ ಪ್ರವಾಸಿಗರನ್ನು ಸೆಳೆಯಲು ತಮಗೊಂದು ಗಾಲ್ಫ್ ಅಂಗಳ ಬೇಕೆಂದು ಹೊರಟವು, ಎಲ್ಲರೂ ಮಾರಿಸ್‌ಗೆ ಹೇಳಿಕಳಿಸಿದರು. ಬಾವಿ ತೋಡುವ ಮುಂಚೆ ನೀರು ನೋಡುವವನನ್ನು ಊರಿಗೆ ಕರೆಸುವ ಹಾಗಿತ್ತು ಆ ಕರೆ. ಅವನು ಬಂದು, ನೆಲದ ಮೇಲೆ ಒಂದೆರಡು ದಿನ ಅಡ್ಡಾಡಿ, ಇಲ್ಲಿಂದ ಹೊಡೆಯಬೇಕು, ಅಲ್ಲಿ ಕುಳಿ ಇರಬೇಕು ಎಂದು ಗೂಟ ನೆಡಿಸಿ ಹೋಗುತ್ತಿದ್ದ. ದಿನಕ್ಕೆ ಒಂದು ಪೌಂಡ್ ಕೂಲಿ, ಮೇಲೆ ಪ್ರಯಾಣದ ಖರ್ಚು. ಐರ್ಲೆಂಡಿನ ಕೌಂಟಿ ಡೌನ್ ಕ್ಲಬ್ಬು 1889ರಲ್ಲಿ ಅವನನ್ನು ಕರೆಸಲು ನಿರ್ಣಯಿಸಿದಾಗ ಖರ್ಚು ನಾಲ್ಕು ಪೌಂಡ್ ಮೀರಬಾರದು ಎಂದು ನಡಾವಳಿಯಲ್ಲೇ ಬರೆಸಿತು. ಇಂದು ಆ ಅಂಗಳವನ್ನು ಲೋಕದ ಅತ್ಯುತ್ತಮ ಅಂಗಳಗಳ ಸಾಲಿನಲ್ಲಿ ಎಣಿಸುತ್ತಾರೆ. ಮಾರಿಸ್ ಬಳಿಕ ಬೇರೆಯವರೂ ಅದನ್ನು ತಿದ್ದಿದ್ದಾರೆ ನಿಜ, ಆದರೂ ನಾಲ್ಕು ಪೌಂಡಿಗೆ ಇಷ್ಟು ದಕ್ಕಿದ ಇನ್ನೊಂದು ವ್ಯವಹಾರ ಕ್ರೀಡಾಲೋಕದಲ್ಲಿ ಸಿಗುವುದು ಕಷ್ಟ.

ಮಾಕ್ರಿಹಾನಿಷ್, ಡಾರ್ನಕ್, ಮ್ಯೂರ್‌ಫೀಲ್ಡ್, ಲಾಹಿಂಚ್, ಇಂಗ್ಲೆಂಡಿನ ವೆಸ್ಟ್‌ವರ್ಡ್ ಹೋ, ಹೀಗೆ ಅವನು ಗೂಟ ನೆಟ್ಟ ಜಾಗಗಳ ಪಟ್ಟಿ ಉದ್ದಕ್ಕೆ ಬೆಳೆಯುತ್ತದೆ. ಒಂದೆರಡು ದಿನದ ಅಡ್ಡಾಟದಲ್ಲಿ ಇಷ್ಟು ಸಾಧ್ಯವಾದದ್ದಕ್ಕೆ ಕಾರಣ ಅವನು ಓಪನ್ ಗೆದ್ದಿದ್ದ ಎನ್ನುವುದಲ್ಲ. ಬರಡಾದ ಹುಲ್ಲಿಗೆ ಮರಳು ಎರಚಿ ಚಿಗುರಿಸುವ ವಿದ್ಯೆ ಅವನಿಗೆ ಗೊತ್ತಿತ್ತು. ಮಳೆನೀರು ಎಲ್ಲಿ ನಿಲ್ಲುತ್ತದೆ, ಗಾಳಿ ಯಾವ ತಿಂಗಳಲ್ಲಿ ಯಾವ ಕಡೆಯಿಂದ ಬೀಸುತ್ತದೆ, ಯಾವ ಇಳಿಜಾರಿನಲ್ಲಿ ಚೆಂಡು ನಿಲ್ಲದೆ ಉರುಳುತ್ತದೆ ಎಂಬುದನ್ನು ದಿನವೂ ಅಂಗಳದಲ್ಲಿ ದುಡಿದು ಕಲಿತಿದ್ದ. ಮಣ್ಣು ಸಾಗಿಸುವ ಯಂತ್ರ ಇಲ್ಲದ ಕಾಲದಲ್ಲಿ ಇದ್ದ ನೆಲವನ್ನೇ ಸರಿಯಾಗಿ ಓದುವುದು ಬಿಟ್ಟು ವಿನ್ಯಾಸಕ್ಕೆ ಬೇರೆ ದಾರಿಯೂ ಇರಲಿಲ್ಲ. ಕ್ಲಬ್ಬುಗಳು ಆರಿಸಿಕೊಂಡದ್ದು ಒಬ್ಬ ಕಸುಬುದಾರನನ್ನು.

ಕಸುಬುದಾರನಿಗೆ ಸಲ್ಲುವ ಮರ್ಯಾದೆಯಷ್ಟೇ ಅವನಿಗೆ ಸಲ್ಲುತ್ತಿತ್ತು. ಹಣಕ್ಕಾಗಿ ಆಡುವವನು ಹವ್ಯಾಸಕ್ಕಾಗಿ ಆಡುವ ಸಜ್ಜನನಿಗಿಂತ ಕೆಳಗಿನವನು ಎಂಬ ಬ್ರಿಟಿಷ್ ವರ್ಗಭೇದ ಗಾಲ್ಫಿನಲ್ಲಿ ಬಲವಾಗಿತ್ತು. ತಾನೇ ರೂಪಿಸಿದ ಅಂಗಳದ ಕ್ಲಬ್ಬುಮನೆಯೊಳಗೆ ಸದಸ್ಯನಂತೆ ಕೂರುವ ಹಕ್ಕು ವೃತ್ತಿಪರನಿಗೆ ಇರಲಿಲ್ಲ. 1920ರಲ್ಲಿ ಇಂಗ್ಲೆಂಡಿನ ಡೀಲ್‌ನಲ್ಲಿ ಓಪನ್ ಆಡಲು ಬಂದ ಅಮೆರಿಕದ ವಾಲ್ಟರ್ ಹೇಗನ್‌ಗೂ ಕ್ಲಬ್ಬುಮನೆಯ ಬಾಗಿಲು ತೆರೆಯಲಿಲ್ಲ. ಅದೇ ವರ್ಷ ಅಮೆರಿಕದ ಟೊಲೀಡೊ ಊರಿನ ಇನ್ವರ್ನೆಸ್ ಕ್ಲಬ್ಬು ತನ್ನಲ್ಲಿ ನಡೆದ ಯುಎಸ್ ಓಪನ್‌ಗೆ ಬಂದ ವೃತ್ತಿಪರರನ್ನು ಒಳಗೆ ಬರಮಾಡಿಕೊಂಡಿತು.

ಆಟ ಅಟ್ಲಾಂಟಿಕ್ ದಾಟಿದಾಗ ಈ ರೂಢಿಯೂ ಜೊತೆಗೆ ಹೋಯಿತು. 1891ರಲ್ಲಿ ನ್ಯೂಯಾರ್ಕಿನ ಹತ್ತಿರದ ಶಿನೆಕಾಕ್ ಹಿಲ್ಸ್‌ನಲ್ಲಿ ಅಂಗಳ ಮಾಡಲು ಹೊರಟ ಶ್ರೀಮಂತರು ಮಾಂಟ್ರಿಯಲ್ ಕ್ಲಬ್ಬಿನ ವೃತ್ತಿಪರ ವಿಲ್ಲಿ ಡೇವಿಸ್‌ನನ್ನು ಕರೆಸಿ 12 ಕುಳಿ ಹಾಕಿಸಿದರು. ನೆಲ ಹಸನು ಮಾಡಿದವರು ಪಕ್ಕದ ಮೀಸಲು ಪ್ರದೇಶದ ಶಿನೆಕಾಕ್ ಮೂಲನಿವಾಸಿಗಳು. 1899ರಲ್ಲಿ ಡಾರ್ನಕ್‌ನ ಬಡಗಿ ಡೊನಾಲ್ಡ್ ರಾಸ್ ಅಮೆರಿಕಕ್ಕೆ ಹೋದ. ಸೇಂಟ್ ಆಂಡ್ರ್ಯೂಸ್‌ನಲ್ಲಿ ಮಾರಿಸ್ ಕೈಕೆಳಗೆ ಪಳಗಿದ್ದ ಆತ ಮರುವರ್ಷ ಉತ್ತರ ಕೆರೊಲಿನಾದ ಪೈನ್‌ಹರ್ಸ್ಟ್ ಸೇರಿ, ಅದನ್ನೇ ನೆಲೆ ಮಾಡಿಕೊಂಡು 1948ರಲ್ಲಿ ಸಾಯುವವರೆಗೆ ಸುಮಾರು 400 ಅಂಗಳಗಳನ್ನು ರೂಪಿಸಿದ. ರಾಸ್ ಆಟಗಾರನೂ ಹೌದು, 1903ರ ಯುಎಸ್ ಓಪನ್‌ನಲ್ಲಿ ಐದನೆಯವನಾಗಿದ್ದ. ಆದರೆ ಜನ ಅವನನ್ನು ನೆನೆಯುವುದು ಗ್ರೀನ್‌ಗಳ ಅಂಚಿನ ಇಳಿಜಾರುಗಳಿಗೆ.

ಬ್ರಿಟನ್ನಿನಲ್ಲಿ ಮಾರಿಸ್ ನಂತರದ ದೊಡ್ಡ ಹೆಜ್ಜೆ ಇಟ್ಟವನು 1887 ಮತ್ತು 1889ರ ಓಪನ್ ಗೆದ್ದ ವಿಲ್ಲಿ ಪಾರ್ಕ್ ಕಿರಿಯ. ಅವನ ತಂದೆ ವಿಲ್ಲಿ ಪಾರ್ಕ್ ಹಿರಿಯನೇ 1860ರ ಮೊದಲ ಓಪನ್ ವಿಜೇತ. ಮಗ 1896ರಲ್ಲಿ ಗಾಲ್ಫ್ ಕುರಿತು ಪುಸ್ತಕವನ್ನೂ ಬರೆದ. ವೃತ್ತಿಪರ ಆಟಗಾರನೊಬ್ಬ ಬರೆದ ಮೊದಲ ಗಾಲ್ಫ್ ಪುಸ್ತಕ ಅದು. ಲಂಡನ್ನಿನ ಪಶ್ಚಿಮಕ್ಕಿರುವ ಸನ್ನಿಂಗ್‌ಡೇಲ್‌ನ ಕುರುಚಲು ಬಯಲು ಮರಳುಮಿಶ್ರಿತ ನೆಲ, ಕಡಲಿನಿಂದ ದೂರ. ಪಾರ್ಕ್ ಅಲ್ಲಿನ ಪೊದೆ ಕಡಿಸಿ, ನೆಲ ಹದ ಮಾಡಿ, ಹುಲ್ಲುಬೀಜ ಬಿತ್ತಿಸಿ 1901ರಲ್ಲಿ ಅಂಗಳವನ್ನು ಆಟಕ್ಕೆ ಸಿದ್ಧಪಡಿಸಿದ. ಒಳನಾಡಿನಲ್ಲಿ ಒಳ್ಳೆಯ ಗಾಲ್ಫ್ ಸಾಧ್ಯವಿಲ್ಲ ಎಂಬ ನಂಬಿಕೆ ಅಲ್ಲಿಗೆ ಮುರಿಯಿತು. 1926ರಲ್ಲಿ ಅಮೆರಿಕದ ಆಟಗಾರ ಬಾಬಿ ಜೋನ್ಸ್ ಓಪನ್ ಅರ್ಹತಾ ಸುತ್ತನ್ನು ಅಲ್ಲಿ 66ಕ್ಕೆ ಮುಗಿಸಿದ: ಮೊದಲರ್ಧ 33, ಎರಡನೆಯ ಅರ್ಧ 33. ಪಾರ್ಕ್ ಮಾತ್ರ ಹಂಟರ್‌ಕೂಂಬ್‌ನಲ್ಲಿ ತನ್ನ ಹಣವನ್ನೇ ಹೂಡಿ ಅಂಗಳ ಕಟ್ಟಲು ಹೋಗಿ ಕೈಸುಟ್ಟುಕೊಂಡ. ಅಂಗಳದಲ್ಲಿ ದೋಷವಿರಲಿಲ್ಲ, ದೋಷವಿದ್ದದ್ದು ಲೆಕ್ಕದಲ್ಲಿ.

ಸನ್ನಿಂಗ್‌ಡೇಲ್‌ಗೆ ಅದೇ 1901ರಲ್ಲಿ ಕಾರ್ಯದರ್ಶಿಯಾಗಿ ಬಂದವನು ಹ್ಯಾರಿ ಕೋಲ್ಟ್, ಕೇಂಬ್ರಿಜ್‌ನಲ್ಲಿ ಓದಿದ ವಕೀಲ. ಪಾರ್ಕ್ ಮಾಡಿದ ಅಂಗಳವನ್ನು ತಿದ್ದುತ್ತ ತಿದ್ದುತ್ತ ಅವನೇ ಆ ಕಾಲದ ಮುಖ್ಯ ವಿನ್ಯಾಸಕಾರನಾದ. ವೃತ್ತಿಪರರ ಕೈಯಿಂದ ಈ ಕೆಲಸ ಜಾರಿದ್ದು ಇಲ್ಲಿಂದ. ಅದಕ್ಕೆ ಕಾರಣವೂ ಇತ್ತು. ಮಾರಿಸ್‌ನ ಕಣ್ಣು ಎಲ್ಲ ಆಟಗಾರರಿಗೂ ಇರಲಿಲ್ಲ. ಮಣ್ಣಿನ ಹೊಲಗಳ ಮೇಲೂ ಅದೇ ಗೂಟ ನೆಡುವ ವಿಧಾನ ನಡೆಯುತ್ತ ಹೋಗಿ, ಫೇರ್‌ವೇಗೆ ಅಡ್ಡಲಾಗಿ ಗೋಡೆಯಂತೆ ಬದು ಎಬ್ಬಿಸಿ, ಅದರ ಮುಂದೊಂದು ಚರಂಡಿಯಂಥ ಬಂಕರ್ ತೋಡಿದ ಅಂಗಳಗಳು ಬ್ರಿಟನ್ನಿನ ತುಂಬ ಎದ್ದಿದ್ದವು. ಅವು ಆಡಲೂ ಬೇಸರ, ನೋಡಲೂ ಬೇಸರ. ಇದೇ ಹೊತ್ತಿಗೆ ರಬ್ಬರ್ ತಿರುಳಿನ ಹ್ಯಾಸ್ಕೆಲ್ ಚೆಂಡು ಬಂದು ಹೊಡೆತಗಳು ಉದ್ದವಾದವು, ಅಂಗಳಗಳನ್ನೆಲ್ಲ ಮರುರೂಪಿಸಬೇಕಾಯಿತು. ಕೋಲ್ಟ್ ನಕ್ಷೆಯ ಹಲಗೆಯ ಮೇಲೆ ರೇಖೆ ಎಳೆದು ಕೆಲಸ ಮಾಡಿದ. ಅವನ ಜೊತೆ ಸೇರಿದ ಅಲಿಸ್ಟರ್ ಮೆಕೆಂಜಿ ವೈದ್ಯ. ಅಮೆರಿಕದಲ್ಲಿ ನ್ಯಾಷನಲ್ ಗಾಲ್ಫ್ ಲಿಂಕ್ಸ್ ಕಟ್ಟಿಸಿದ ಚಾರ್ಲ್ಸ್ ಬ್ಲೇರ್ ಮೆಕ್‌ಡೊನಾಲ್ಡ್ ಷೇರು ವ್ಯಾಪಾರಿ, 1895ರ ಮೊದಲ ಯುಎಸ್ ಅಮೆಚೂರ್ ಗೆದ್ದ ಹವ್ಯಾಸಿ. ಮಾರಿಸ್ 1891ರಲ್ಲಿ ಹಾಕಿದ ಮ್ಯೂರ್‌ಫೀಲ್ಡ್ ಅಂಗಳವನ್ನು 1920ರ ದಶಕದಲ್ಲಿ ಬಹುಮಟ್ಟಿಗೆ ಬದಲಾಯಿಸಿದವನೂ ಕೋಲ್ಟನೇ.

ಆದರೂ ಆಟಗಾರರು ಪೂರ್ತಿ ಹೊರಗಾಗಲಿಲ್ಲ. 1894ರಿಂದ 1914ರವರೆಗೆ ಹ್ಯಾರಿ ವಾರ್ಡನ್, ಜೆ. ಎಚ್. ಟೇಲರ್, ಜೇಮ್ಸ್ ಬ್ರೇಡ್ ಮೂವರೇ ಸೇರಿ 16 ಓಪನ್‌ಗಳನ್ನು ಗೆದ್ದರು, ಮೂವರೂ ಅಂಗಳ ರೂಪಿಸಿದರು. ಅವರಲ್ಲಿ ಹೆಚ್ಚು ಬೇಡಿಕೆ ಇದ್ದದ್ದು ಬ್ರೇಡ್‌ಗೆ. ಸ್ಕಾಟ್ಲೆಂಡಿನ ಗ್ಲೆನ್‌ಈಗಲ್ಸ್‌ನ ಕಿಂಗ್ಸ್ ಅಂಗಳ ಅವನ ಹೆಸರನ್ನು ಉಳಿಸಿದೆ, 1926ರಲ್ಲಿ ಕಾರ್ನೂಸ್ಟಿಯನ್ನೂ ಅವನು ತಿದ್ದಿದ. ಪ್ರಯಾಣದಲ್ಲಿ ಹೊಟ್ಟೆ ತೊಳಸುವ ಕಾಯಿಲೆ ಇದ್ದ ಬ್ರೇಡ್ ಕಡಲು ದಾಟಲು ಹಿಂಜರಿಯುತ್ತಿದ್ದ. ದೂರದ ಕ್ಲಬ್ಬುಗಳಿಗೆ ನೆಲದ ಏರಿಳಿತದ ನಕ್ಷೆ ತರಿಸಿಕೊಂಡು ಕೂತಲ್ಲಿಂದಲೇ ಅಂಗಳ ಬರೆದುಕೊಟ್ಟದ್ದೂ ಉಂಟು.

1930ರಲ್ಲಿ ಆಟದ ತುತ್ತತುದಿ ಮುಟ್ಟಿ ನಿವೃತ್ತನಾದ ಬಾಬಿ ಜೋನ್ಸ್ ತನ್ನ ಕನಸಿನ ಅಂಗಳಕ್ಕೆ ವಿನ್ಯಾಸಕಾರನನ್ನು ಆರಿಸಿದ ರೀತಿ ಈ ಚರಿತ್ರೆಯಲ್ಲಿ ಗಮನಿಸಬೇಕಾದದ್ದು. ಅಷ್ಟು ದೊಡ್ಡ ಆಟಗಾರ ತಾನೇ ನಕ್ಷೆ ಹಾಕುತ್ತೇನೆ ಎಂದರೆ ತಡೆಯುವವರಿರಲಿಲ್ಲ. ಆದರೆ 1929ರಲ್ಲಿ ಕ್ಯಾಲಿಫೋರ್ನಿಯಾದ ಸೈಪ್ರಸ್ ಪಾಯಿಂಟ್ ಮತ್ತು ಪಸಾಟಿಯೆಂಪೊ ಅಂಗಳಗಳಲ್ಲಿ ಆಡಿ ಮೆಚ್ಚಿದ್ದ ಜೋನ್ಸ್, ಅವನ್ನು ರೂಪಿಸಿದ ಮೆಕೆಂಜಿಯನ್ನು ಜಾರ್ಜಿಯಾದ ಅಗಸ್ಟಾಗೆ ಕರೆಸಿದ. ಜೋನ್ಸ್ ಜಾಗ ಜಾಗದಿಂದ ಚೆಂಡು ಹೊಡೆದು ತೋರಿಸಿದ, ಮೆಕೆಂಜಿ ನೆಲವನ್ನು ಅದಕ್ಕೆ ಹೊಂದಿಸಿದ. 1934ರಿಂದ ಮಾಸ್ಟರ್ಸ್ ಪಂದ್ಯಾವಳಿ ಅಲ್ಲೇ ನಡೆಯುತ್ತಿದೆ. ಆಟಗಾರ ಮತ್ತು ವಿನ್ಯಾಸಕಾರ ಜೊತೆಗೂಡುವ ಮಾದರಿ ಇಲ್ಲಿ ಸಿದ್ಧವಾಯಿತು.

ಎರಡನೆಯ ಮಹಾಯುದ್ಧದ ನಂತರ ಟಿವಿ ಬಂತು, ಮನೆಮಾತಾದ ಆಟಗಾರರು ಬಂದರು. ಜಾಕ್ ನಿಕ್ಲಸ್ ದಕ್ಷಿಣ ಕೆರೊಲಿನಾದ ಹಾರ್ಬರ್ ಟೌನ್‌ನಲ್ಲಿ ವಿನ್ಯಾಸಕಾರ ಪೀಟ್ ಡೈ ಜೊತೆ ಕೆಲಸ ಮಾಡಿ ವಿದ್ಯೆ ಕಲಿತ. 1969ರಲ್ಲಿ ಆ ಅಂಗಳದ ಮೊದಲ ಪಂದ್ಯಾವಳಿಯನ್ನು ಅರ್ನಾಲ್ಡ್ ಪಾಮರ್ ಗೆದ್ದ. ಬಳಿಕ ಡೆಸ್ಮಂಡ್ ಮ್ಯೂರ್‌ಹೆಡ್ ಜೊತೆ ಸೇರಿ ಒಹಾಯೊದಲ್ಲಿ ಮ್ಯೂರ್‌ಫೀಲ್ಡ್ ವಿಲೇಜ್ ಕಟ್ಟಿದ ನಿಕ್ಲಸ್, ಕೆನಡಾದ ಗ್ಲೆನ್ ಆಬಿಯನ್ನು 1976ರಲ್ಲಿ ಸ್ವತಂತ್ರವಾಗಿ ರೂಪಿಸಿದ. ಅವನ ಸಂಸ್ಥೆಯ ಅಂಗಳಗಳ ಲೆಕ್ಕ ಈಗ 400 ದಾಟಿದೆ. ಪಾಮರ್ ಎಡ್ ಸೇ ಎಂಬ ವಿನ್ಯಾಸಕಾರನ ಜೊತೆಗೂಡಿ 300ಕ್ಕೂ ಹೆಚ್ಚು ಅಂಗಳಗಳಿಗೆ ಹೆಸರು ಕೊಟ್ಟ. 1984ರಲ್ಲಿ ತೆರೆದ ಚುಂಗ್‌ಷಾನ್ ಹಾಟ್ ಸ್ಪ್ರಿಂಗ್, ಕಮ್ಯುನಿಸ್ಟ್ ಚೀನಾದ ಮೊದಲ ಗಾಲ್ಫ್ ಅಂಗಳ, ಇದೇ ಜೋಡಿಯದು.

ಈ ಹೊತ್ತಿಗೆ ಆಯ್ಕೆ ಮಾಡುವವರು ಬದಲಾಗಿದ್ದರು. ಕ್ಲಬ್ಬಿನ ಸಮಿತಿಯ ಜಾಗದಲ್ಲಿ ಮನೆ ನಿವೇಶನ ಮಾರುವ ಬಿಲ್ಡರ್ ಕೂತಿದ್ದ. ನಿವೇಶನದ ಎದುರಿಗಿನ ಹಸಿರಿಗೆ ಚಾಂಪಿಯನ್ನನ ಸಹಿ ಇದ್ದರೆ ದರ ಏರುತ್ತದೆ ಎಂಬುದು ಅವನ ಲೆಕ್ಕ. ಸಿಗ್ನೇಚರ್ ಕೋರ್ಸ್ ಎಂಬ ಮಾಲು ಹುಟ್ಟಿದ್ದು ಹೀಗೆ. ಚಾಂಪಿಯನ್ ಎಷ್ಟು ಸಲ ಸ್ಥಳಕ್ಕೆ ಬರಬೇಕು, ಉದ್ಘಾಟನೆಯ ದಿನ ಆಡಬೇಕೇ, ಅವನ ಹೆಸರು ಜಾಹೀರಾತಿನಲ್ಲಿ ಹೇಗೆ ಬರಬೇಕು ಎಲ್ಲವೂ ಕರಾರಿನಲ್ಲಿ ಸೇರಿದವು. ನೆಲದ ಏರಿಳಿತ, ನೀರು ಬಸಿಯುವ ಕೊಳವೆ, ಹುಲ್ಲಿನ ತಳಿ, ಗ್ರೀನ್‌ನ ಅಡಿಯ ಜಲ್ಲಿಯ ಪದರ ನೋಡುವವರು ಸಂಸ್ಥೆಯ ಎಂಜಿನಿಯರುಗಳೂ ಸಹಾಯಕರೂ. ಅವರ ಹೆಸರು ಫಲಕದ ಮೇಲೆ ಬರುವುದು ಅಪರೂಪ. ಮಾರಿಸ್‌ನ ಕಾಲದಲ್ಲಿ ಕ್ಲಬ್ಬು ಕೊಂಡದ್ದು ಆಟಗಾರನ ಕಣ್ಣನ್ನು, ಈಗ ಬಿಲ್ಡರ್ ಕೊಳ್ಳುತ್ತಿದ್ದದ್ದು ಅವನ ಹೆಸರನ್ನು.

ದೊಡ್ಡ ಆಟಗಾರನ ಕಣ್ಣಿಗೂ ಒಂದು ಮಿತಿ ಉಂಟು. ಅವನು ತನ್ನ ಹೊಡೆತಕ್ಕೆ ಒಪ್ಪುವ ಅಂಗಳ ಕಾಣುತ್ತಾನೆ, ಭಾನುವಾರ ಆಡಲು ಬರುವ ಸಾಮಾನ್ಯನ ಪಾಡು ಅವನಿಗೆ ಸುಲಭವಾಗಿ ಹೊಳೆಯುವುದಿಲ್ಲ. ನಿಕ್ಲಸ್‌ನ ಮೊದಮೊದಲ ಅಂಗಳಗಳು ಅವನದೇ ಎತ್ತರದ, ಬಲಕ್ಕೆ ಬಾಗುವ ಹೊಡೆತವನ್ನು ಬೇಡುತ್ತವೆ ಎಂಬ ಟೀಕೆ ಬಹಳ ಕಾಲ ಕೇಳಿಬಂತು. 1997ರ ರೈಡರ್ ಕಪ್‌ಗೆ ಮುನ್ನ ಸ್ಪೇನಿನ ವಾಲ್ಡೆರಾಮಾದ 17ನೆಯ ಕುಳಿಯನ್ನು ಸೆವೆ ಬಾಲೆಸ್ಟೆರೋಸ್ ಗ್ರೀನ್ ಮುಂದೆ ಕೊಳ ಇಟ್ಟು ಬದಲಿಸಿದಾಗ, ಅವನ ಜೊತೆಯ ವೃತ್ತಿಪರರೇ ಅದನ್ನು ಆಕ್ಷೇಪಿಸಿದರು.

ಭಾರತಕ್ಕೆ ಈ ರೂಢಿ ಸಿಗ್ನೇಚರ್ ವ್ಯಾಪಾರಕ್ಕಿಂತ ಮುಂಚೆಯೇ ಬಂತು, ತಂದವನು ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. ಐದು ಸಲ ಬ್ರಿಟಿಷ್ ಓಪನ್ ಗೆದ್ದ ಆತ 1964ರಲ್ಲಿ ಇಂಡಿಯನ್ ಓಪನ್ ಆರಂಭವಾಗಲು ಮುಂದೆ ನಿಂತ, ಮೊದಲ ವರ್ಷ ತಾನೇ ಗೆದ್ದ, 1966 ಮತ್ತು 1976ರಲ್ಲಿ ಮತ್ತೆ ಗೆದ್ದ. ಲೋಧಿ ಕಾಲದ ಗೋರಿಗಳ ನಡುವಿನ ದೆಹಲಿ ಗಾಲ್ಫ್ ಕ್ಲಬ್ಬಿನ ಅಂಗಳವನ್ನು 1970ರ ದಶಕದಲ್ಲಿ ಅವನಿಂದಲೇ ಮರುರೂಪಿಸಿದರು. ಅಮೆರಿಕದ ನೀರುತುಂಬಿದ, ಮೆತ್ತನೆಯ ಅಂಗಳಗಳು ಥಾಮ್ಸನ್‌ಗೆ ಹಿಡಿಸುತ್ತಿರಲಿಲ್ಲ, ಚೆಂಡು ನೆಲಕ್ಕೆ ಬಿದ್ದು ಪುಟಿದು ಓಡಬೇಕು ಎಂಬುದು ಅವನ ಪಕ್ಷ. 1995ರಲ್ಲಿ ಸೇಂಟ್ ಆಂಡ್ರ್ಯೂಸ್ ಪಕ್ಕದ ಡ್ಯೂಕ್ಸ್ ಅಂಗಳವನ್ನೂ ಅವನ ಸಂಸ್ಥೆಯೇ ಮಾಡಿತು.

ಕರ್ನಾಟಕಕ್ಕೆ ಆಟ ಹೊಸದೇನಲ್ಲ. ಬೆಂಗಳೂರಿನ ಹೈಗ್ರೌಂಡ್ಸ್‌ನ ಬೆಂಗಳೂರು ಗಾಲ್ಫ್ ಕ್ಲಬ್ಬು 1876ರದು. ನಗರಕ್ಕೆ ಎರಡನೆಯ ದೊಡ್ಡ ಅಂಗಳ ಬೇಕಾದಾಗ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಆರಿಸಿದ್ದು ಥಾಮ್ಸನ್ ಮತ್ತು ಅವನ ಪಾಲುದಾರ ಮೈಕಲ್ ವುಲ್ವರಿಜ್‌ರನ್ನು. ವುಲ್ವರಿಜ್ ಕೂಡ ವೃತ್ತಿಪರ ಆಟಗಾರನಾಗಿದ್ದವನು. ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಎದ್ದ ಆ ಅಂಗಳದಲ್ಲಿ 2012ರ ಇಂಡಿಯನ್ ಓಪನ್ ನಡೆಯಿತು. ಬೆಂಗಳೂರಿನ ಕಳೆದುಹೋದ ಕೆರೆಗಳ ಪಟ್ಟಿಗಳಲ್ಲಿ ಚಲ್ಲಘಟ್ಟ ಕೆರೆಯ ಹೆಸರಿನ ಎದುರಿಗೆ ಇದೇ ಗಾಲ್ಫ್ ಅಂಗಳದ ಹೆಸರು ಬರುತ್ತದೆ. ವಿನ್ಯಾಸಕಾರನನ್ನು ಆರಿಸುವುದಕ್ಕೂ ಮೊದಲು ನೆಲದ ಆಯ್ಕೆ ನಡೆದಿರುತ್ತದೆ, ಅದರ ಹೊಣೆ ಸಹಿ ಹಾಕುವವನಿಗೆ ಅಂಟುವುದಿಲ್ಲ.

ಉದಾರೀಕರಣದ ನಂತರ ದೆಹಲಿಯ ಸುತ್ತಮುತ್ತ ದೊಡ್ಡ ಹೆಸರುಗಳು ಸಾಲಾಗಿ ಬಂದವು. ಹರಿಯಾಣದ ಕ್ಲಾಸಿಕ್ ರೆಸಾರ್ಟಿಗೆ ನಿಕ್ಲಸ್, ಗುರುಗ್ರಾಮದ ಡಿಎಲ್‌ಎಫ್‌ಗೆ 1999ರಲ್ಲಿ ಪಾಮರ್, ಗ್ರೇಟರ್ ನೋಯ್ಡಾದ ಜೇಪೀ ಗ್ರೀನ್ಸ್‌ಗೆ ಗ್ರೆಗ್ ನಾರ್ಮನ್. ಡಿಎಲ್‌ಎಫ್‌ನಲ್ಲೇ ಗ್ಯಾರಿ ಪ್ಲೇಯರ್ ರೂಪಿಸಿದ ಹೊಸ ಅಂಗಳ 2015ರಲ್ಲಿ ತೆರೆಯಿತು, ಅದರ ಕಾಠಿಣ್ಯಕ್ಕೆ ವೃತ್ತಿಪರರೂ ಗೊಣಗಿದ್ದಾರೆ. ಅಹಮದಾಬಾದಿನ ಬಳಿಯ ಕೆನ್ಸ್‌ವಿಲ್‌ಗೆ ಭಾರತೀಯ ಆಟಗಾರ ಜೀವ್ ಮಿಲ್ಖಾ ಸಿಂಗ್ ಅವರ ಹೆಸರು ಬಂತು.

2008ರ ಆರ್ಥಿಕ ಕುಸಿತ ಹೆಸರಿನ ಮಾರುಕಟ್ಟೆಗೆ ಪೆಟ್ಟು ಕೊಟ್ಟಿತು. ಟೈಗರ್ ವುಡ್ಸ್ ದುಬೈಯಲ್ಲಿ ಕೈಹಾಕಿದ ಅಂಗಳ ಅರ್ಧಕ್ಕೆ ನಿಂತಿತು. ಬೇಡಿಕೆ ಹೆಚ್ಚಿದ್ದು ಸಣ್ಣ ತಂಡಗಳಿಗೆ, ತಾವೇ ಸ್ಥಳದಲ್ಲಿ ನಿಂತು ಕೆಲಸ ಮಾಡಿಸುವವರಿಗೆ. ಆಟಗಾರರಲ್ಲಿ ಈ ದಾರಿ ಹಿಡಿದವನು ಎರಡು ಸಲ ಮಾಸ್ಟರ್ಸ್ ಗೆದ್ದ ಬೆನ್ ಕ್ರೆನ್‌ಷಾ. ಬಿಲ್ ಕೂರ್ ಜೊತೆ ಸೇರಿ ಅವನು ನೆಬ್ರಾಸ್ಕಾದ ಮರಳುಗುಡ್ಡಗಳಲ್ಲಿ 1995ರಲ್ಲೇ ಮಾಡಿದ ಸ್ಯಾಂಡ್ ಹಿಲ್ಸ್ ಅಂಗಳದಲ್ಲಿ ಮಣ್ಣು ಸಾಗಿಸಿದ್ದು ತೀರಾ ಕಡಿಮೆ. ಮಾರಿಸ್‌ನ ವಿಧಾನಕ್ಕೆ ಇಷ್ಟು ಹತ್ತಿರ ಬಂದ ಇನ್ನೊಬ್ಬ ಆಧುನಿಕ ಚಾಂಪಿಯನ್ ಇಲ್ಲ.

ಗಾಲ್ಫ್ 112 ವರ್ಷಗಳ ನಂತರ ಒಲಿಂಪಿಕ್ಸ್‌ಗೆ ಮರಳುವ ಹೊತ್ತಿಗೆ, ರಿಯೊ ಡಿ ಜನೈರೊದ ಅಂಗಳಕ್ಕಾಗಿ ಅಂತಿಮ ಪಟ್ಟಿಯಲ್ಲಿ ಎಂಟು ಸಂಸ್ಥೆಗಳಿದ್ದವು. ನಿಕ್ಲಸ್, ನಾರ್ಮನ್, ಪ್ಲೇಯರ್, ಥಾಮ್ಸನ್ ಎಲ್ಲರ ಸಂಸ್ಥೆಗಳೂ ಅದರಲ್ಲಿದ್ದವು. ನಿಕ್ಲಸ್ ಜೊತೆಗೆ ಅನಿಕಾ ಸೊರೆನ್‌ಸ್ಟಾಮ್, ನಾರ್ಮನ್ ಜೊತೆಗೆ ಲೊರೆನಾ ಒಚೋವಾ ನಿಂತಿದ್ದರು. 2012ರ ಮಾರ್ಚಿನಲ್ಲಿ ಗೆದ್ದವನು ಪೆನ್ಸಿಲ್ವೇನಿಯಾದ ಗಿಲ್ ಹ್ಯಾನ್ಸ್, ವೃತ್ತಿಪರ ಪಂದ್ಯಗಳಲ್ಲಿ ಹೆಸರು ಮಾಡಿದವನಲ್ಲ. ಐದು ಮೇಜರ್ ಗೆದ್ದ ಏಮಿ ಆಲ್ಕಾಟ್ ಅವನ ಸಲಹೆಗಾರ್ತಿಯಾಗಿದ್ದಳು. ಅಂಗಳ ಕಟ್ಟುವ ಕಾಲಕ್ಕೆ ಹ್ಯಾನ್ಸ್ ಸಂಸಾರ ಸಮೇತ ರಿಯೊಗೇ ಹೋಗಿ ನೆಲೆಸಿದ. 2016ರ ಆಗಸ್ಟಿನಲ್ಲಿ ಜಸ್ಟಿನ್ ರೋಸ್ ಮತ್ತು ಇನ್‌ಬೀ ಪಾರ್ಕ್ ಅಲ್ಲಿ ಚಿನ್ನ ಗೆದ್ದರು, ಕೂಟ ಮುಗಿದ ಮೇಲೆ ಅಂಗಳ ಸಾರ್ವಜನಿಕರ ಆಟಕ್ಕೆ ತೆರೆಯಿತು.